‘ನಾಲ್ಕಕ್ಷರ’ ಬೈಗುಳವಾದದ್ದು ಹೇಗೆ?

ಪ್ರಶ್ನೆ: ‘ಫಾರ್ ಹಿಮ್, ವರ್ಕ್ ಈಸ್ ಎ ಫೋರ್-ಲೆಟರ್ ವರ್ಡ್’ ಎಂಬುದನ್ನು ‘ಅವನಿಗೆ ಕೆಲಸ ನಾಲ್ಕಕ್ಷರದ ಪದ’ ಎಂದು ಅನುವಾದಿಸಿದೆ. ಅರ್ಥವೇ ಹೊರಡಲಿಲ್ಲ. ಸರಿಯಾದುದು ಯಾವುದು?
– ಪದವಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಇಂಗ್ಲಿಷಿನ ಹೊಲಸು ಬೈಗುಳಗಳಲ್ಲಿ ಹಲವಕ್ಕೆ ನಾಲ್ಕೇ ರೋಮನ್ ಅಕ್ಷರ. ಬಾಯಿಬಿಟ್ಟು ಹೇಳಲಾರದವರು ಅಕ್ಷರದ ಲೆಕ್ಕ ಹೇಳಿ ಸುಮ್ಮನಾಗುತ್ತಾರೆ. ಆ ಲೆಕ್ಕವೇ ಬೈಗುಳಕ್ಕೆ ಹೆಸರಾಗಿ ನಿಂತಿದೆ. ಈಗ ಎಣಿಕೆ ಅಷ್ಟು ಬಿಗಿಯಾಗಿಲ್ಲ, ಐದಕ್ಷರದ ಬೈಗುಳವೂ ಇದರೊಳಗೆ ಬರುತ್ತದೆ.

ನಿಮ್ಮ ವಾಕ್ಯದ್ದು ಇನ್ನೊಂದು ಬಳಕೆ: ಒಬ್ಬರಿಗೆ ಹೆಸರು ಕೇಳಿದರೇ ಆಗದ ಸಂಗತಿ. ಇಲ್ಲಿ ಎಣಿಕೆ ಕೂಡಿದರೇ ಚಂದ. ಡಬ್ಲ್ಯೂ, ಒ, ಆರ್, ಕೆ, ನಾಲ್ಕು ಸರಿಹೋಯಿತು. ಡಯಟ್, ಎಕ್ಸಾಮ್, ಕೇಳಿಸದ ‘ಬಿ’ ಸೇರಿಸಿಕೊಂಡು ಡೆಟ್ ಕೂಡ ಹೀಗೆ ಬರುತ್ತವೆ. ಕನ್ನಡದಲ್ಲಿ ‘ವರ್ಕ್’ ಎರಡಕ್ಷರ, ‘ಕೆಲಸ’ ಮೂರು. ಲೆಕ್ಕ ಅಲ್ಲಿಗೇ ತಪ್ಪಿತು.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಮಾತಿನಲ್ಲೇ ಇದೆ. ‘ನಾಲ್ಕಕ್ಷರ ಕಲೀಲಿ ಅಂತ ಸಾಲಿಗಿ ಹಾಕೀವಿ’ ಎನ್ನುವ ಕಲಬುರಗಿ ಸೀಮೆಯಲ್ಲಿ ನಾಲ್ಕಕ್ಷರವೆಂದರೆ ವಿದ್ಯೆ. ನಿಮ್ಮ ಅನುವಾದ ಓದಿದವರಿಗೆ ಮೊದಲು ಹೊಳೆಯುವುದೂ ಶಾಲೆಯೇ. ಹೀಗಾಗಿ ಎಣಿಕೆ ಬಿಟ್ಟು ಬೈಗುಳವನ್ನು ಹಿಡಿಯಿರಿ. ಆಡುಮಾತಾದರೆ ‘ಕೆಲಸ ಅಂದ್ರ ಅವಂಗ ಬೈದಂಗ ಆಗ್ತದ’, ಬರಹಕ್ಕಾದರೆ ‘ಕೆಲಸವೆಂದರೆ ಅವನಿಗೆ ಬೈದಂತೆ’. ‘ಮೈಗಳ್ಳ’ ಎಂದರೂ ಅರ್ಥ ದಕ್ಕುತ್ತದೆ, ಆದರೆ ಬೈಗುಳದ ಬಿಸಿ ಹೋಗುತ್ತದೆ, ನನಗದು ಒಪ್ಪಿಗೆಯಿಲ್ಲ. ಅಪರಾಧ ಸುದ್ದಿಯಲ್ಲಿ ಇದೇ ನುಡಿಗಟ್ಟು ಬಂದರೆ ‘ಅವಾಚ್ಯ ಶಬ್ದ’ ಎನ್ನಿ, ದೂರುಗಳಲ್ಲಿ ರೂಢಿಯಲ್ಲಿರುವುದೂ ಅದೇ.

ಇಂಗ್ಲಿಷಿನಲ್ಲಿ ಬರೆಯುವಾಗ ಫೋರ್ ಮತ್ತು ಲೆಟರ್ ನಡುವೆ ಅಡ್ಡಗೆರೆ ಬೇಕು. ತಪ್ಪು ಬೀಳುವುದು ಬಹುವಚನದಲ್ಲಿ: ‘ಎಸ್’ ಸೇರುವುದು ವರ್ಡ್‌ಗೆ, ಲೆಟರ್‌ಗೆ ಅಲ್ಲ. ‘ಎಫ್-ವರ್ಡ್’ ಎಂಬುದು ಎಫ್‌ನಿಂದ ಶುರುವಾಗುವ ಒಂದೇ ಒಂದು ಬೈಗುಳವನ್ನು ಸೂಚಿಸುವುದರಿಂದ ಅದಕ್ಕೆ ಮೊದಲು ಸಾಮಾನ್ಯವಾಗಿ ‘ದ’ (the) ಬರುತ್ತದೆ.

ಪ್ರಶ್ನೆ: ‘ಪಾರ್ಡನ್ ಮೈ ಫ್ರೆಂಚ್’ ಎಂದವರು ಆಡಿದ್ದು ಇಂಗ್ಲಿಷೇ. ಫ್ರೆಂಚ್ ಎಲ್ಲಿಂದ ಬಂತು?
– ಓದುಗರು, ಹುಮನಾಬಾದ್

ಉತ್ತರ: ಬಾಯಿಗೆ ಬಂದ ಬೈಗುಳ ಪರಭಾಷೆಯದು ಎಂಬಂತೆ ನಟಿಸಿ ಕೇಳುವ ಕ್ಷಮೆ ಇದು. ನಮ್ಮಲ್ಲಿ ‘ಹೊಲಸ ಮಾತು ಬಂತು, ಮಾಫ್ ಮಾಡ್ರಿ’ ಎಂದರೆ ಆಯಿತು. ಬೈಗುಳಕ್ಕೆ ಅಂಟಿಕೊಂಡೇ, ಹಿಂದೆಯೋ ಮುಂದೆಯೋ ಬರಬೇಕು. ಸಲಿಗೆಯವರ ನಡುವಿನ ಮಾತಿದು. ಅಧಿಕಾರಿಗೆ ಬರೆಯುವ ಕ್ಷಮಾಪಣೆ ಪತ್ರದಲ್ಲಿ ಹಾಕಬೇಡಿ.