ಡಬ್ಬಿಯಲ್ಲೇ ಹಳೆಯದಾದ ಶೂ

"ಬದುಕು ಚಿಕ್ಕದು, ಇಟ್ಟದ್ದನ್ನು ಈಗಲೇ ಬಳಸಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದು ಸುಳ್ಳು ಅಂತಲ್ಲ. ಆಪ್ತಸಲಹೆಗೆ ನನ್ನೆದುರು ಬಂದು ಕೂರುವವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ಬೀರು ತೆರೆಯುವುದಿಲ್ಲ.

ಈಕೆಯೂ ಹಾಗೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅರವತ್ತರ ಆಸುಪಾಸು. ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ. ಯಾರ ಮೇಲಿನ ಸಿಟ್ಟು ಅಂತ ಎರಡು ಭೇಟಿ ಮುಗಿದರೂ ತಿಳಿಯಲಿಲ್ಲ.

ಮೂರನೇ ಸಲ ಬಂದವರೇ ಶೂ ಬಗ್ಗೆ ಹೇಳಿದರು. ಹನ್ನೆರಡು ವರ್ಷದ ಹಿಂದೆ ಅಕ್ಕನಿಗೆ ತಾವೇ ಕೊಟ್ಟದ್ದು. ಬೀರು ಖಾಲಿ ಮಾಡುವಾಗ ಡಬ್ಬಿ ಸಮೇತ ಸಿಕ್ಕಿತು. ಒಂದು ದಿನವೂ ಹಾಕಿರಲಿಲ್ಲ. ಇವರು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು. ಅಡಿಭಾಗ ಬಿಸ್ಕತ್ತಿನ ಹಾಗೆ ಪುಡಿಯಾಗಿ ನೆಲದ ಮೇಲೆ ಬಿತ್ತು.

"ನಾನು ಕೊಟ್ಟದ್ದು ಅವಳಿಗೆ ಇಷ್ಟವಾಗಿರಲಿಲ್ಲ ಅನ್ಸುತ್ತೆ ಮೇಡಂ."

ಇಷ್ಟವಾಗದ್ದನ್ನು ಯಾರಾದರೂ ಹನ್ನೆರಡು ವರ್ಷ ಕಾಗದದಲ್ಲಿ ಸುತ್ತಿ ಇಡುತ್ತಾರಾ ಅಂತ ಕೇಳಿದೆ. ಸುಮ್ಮನಾದರು. ಶೂ ಪುಡಿಯಾದದ್ದಕ್ಕೂ ಕಾರಣ ಹೇಳಿದೆ. ಕೆಲವು ಶೂಗಳ ಅಡಿಭಾಗ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್‌ನದು. ಗಾಳಿಯ ತೇವ ಅದನ್ನು ಒಳಗಿಂದಲೇ ಒಡೆಯುತ್ತಾ ಹೋಗುತ್ತದೆ, ಹಾಕದೆ ಇಟ್ಟರೂ. ಆಪ್ತಸಲಹೆಯಲ್ಲಿ ರಸಾಯನಶಾಸ್ತ್ರ ಯಾಕೆ ಅನ್ನಬಹುದು. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಅನ್ನುವ ನಂಬಿಕೆ ಮೊದಲು ಅಲುಗಬೇಕಿತ್ತು.

ತುಂಬ ಹೊತ್ತಿನ ಮೇಲೆ ಅವರೇ ಅಂದರು: "ಹೇಗೂ ಹಾಳಾಗೋದೇ ಆಗಿದ್ರೆ ಅವಳ ಕಾಲಲ್ಲೇ ಸವೆದು ಹೋಗಬೇಕಿತ್ತು." ಆಮೇಲೆ ಅತ್ತರು. ಸಿಟ್ಟು ಅಕ್ಕನ ಮೇಲಿತ್ತು.

ನಿಮ್ಮ ಬೀರುವಿನಲ್ಲಿ ಏನೇನಿದೆ ಅಂತ ಕೇಳಿದೆ. ಅಕ್ಕ ಕೊಟ್ಟ ಆರು ನೀಲಿ ಕಪ್‌ಗಳು, ಒಂದು ಪೆನ್ನು, ಸೀಲ್ ಒಡೆಯದ ಎರಡು ಸೆಂಟಿನ ಬಾಟಲಿ. ಕೇಳುತ್ತಾ ನನಗೆ ನನ್ನದೇ ಕಪಾಟು ನೆನಪಾಯಿತು, ಅದು ಬೇರೆ ಮಾತು.

ಇದನ್ನು ಕಾಯಿಲೆ ಅನ್ನಬೇಡಿ. ಏನನ್ನೂ ಬಿಸಾಡಲಾಗದೆ ಮನೆಯಲ್ಲಿ ಓಡಾಡಲೂ ಜಾಗವಿಲ್ಲದಂತೆ ತುಂಬಿಕೊಳ್ಳುವ ತೊಂದರೆ ಬೇರೆ. ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಇಲ್ಲಿ ಆಗಿರುವುದು ಇಷ್ಟೇ: ಒಮ್ಮೆ "ಇವತ್ತು ಬೇಡ" ಅಂದರೆ ವಸ್ತುವಿನ ಬೆಲೆ ಮನಸ್ಸಿನಲ್ಲಿ ಏರುತ್ತದೆ. ಮುಂದಿನ ಸಲ ಅದಕ್ಕೆ ಇನ್ನೂ ದೊಡ್ಡ ದಿನವೇ ಬೇಕು. ಜಾಕ್ಲಿನ್ ರಿಫ್ಕಿನ್ ಮತ್ತು ಜೋನಾ ಬರ್ಗರ್ ಅನ್ನುವ ಸಂಶೋಧಕರು 2021ರ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ. ಅಂಥ ದಿನ ಬರುವುದೇ ಇಲ್ಲ, ಅಲ್ವಾ?

ಹಾಗಾಗಿ ನಾನು ಕೊಟ್ಟದ್ದು ತಾರೀಕು. ಒಂದೇ ವಸ್ತು ಆರಿಸಿ. ಮೂರು ವಾರದೊಳಗಿನ ಯಾವುದಾದರೂ ಸಾಮಾನ್ಯ ದಿನ ಬರೆದಿಡಿ. ಹಬ್ಬ, ಹುಟ್ಟುಹಬ್ಬ ಬೇಡ. ಗಡುವು ಹತ್ತಿರ ಯಾಕೆ ಅಂದರೆ, 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಉಡುಗೊರೆ ಚೀಟಿ (ಗಿಫ್ಟ್ ವೋಚರ್) ಬಳಸಲು ಕೆಲವರಿಗೆ ಮೂರು ವಾರ, ಕೆಲವರಿಗೆ ಎರಡು ತಿಂಗಳು ಸಮಯ ಕೊಟ್ಟಿದ್ದರು. ಜಾಸ್ತಿ ಸಮಯ ಸಿಕ್ಕವರೇ ಕಡಿಮೆ ಬಳಸಿದರು. ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯಿರಿ ಅಂತ ನಾನು ಹೇಳಲಿಲ್ಲ. ನಾಳೆಗೆ ಅಂತ ಎತ್ತಿಟ್ಟೇ ಬದುಕಿ ಬಂದವರಿಗೆ ಅದು ಧೈರ್ಯವಲ್ಲ, ದಿಗಿಲು. ತೀರಾ ನಿಧಾನದ ಸಲಹೆ ಅಂತ ಜೊತೆಯವರೊಬ್ಬರು ಆಡಿಕೊಂಡರು. ಇರಲಿ.

ಅವರು ಕಪ್‌ಗಳನ್ನು ಆರಿಸಿ, ಒಂದು ಮಂಗಳವಾರ ಬರೆದುಕೊಂಡು ಹೋದರು.

ಮುಂದಿನ ಭೇಟಿಯಲ್ಲಿ ಮೊದಲು ಹೇಳಿದ್ದೇ ಒಂದು ಕಪ್ ಒಡೆದ ಸುದ್ದಿ. ಮೊದಲ ದಿನವೇ ಮೊಮ್ಮಗನ ಕೈಯಿಂದ ಜಾರಿತಂತೆ.

"ಬೈದೆ ಮೇಡಂ. ಚೆನ್ನಾಗಿಯೇ ಬೈದೆ. ಆಮೇಲೆ ಉಳಿದ ಐದನ್ನೂ ತೊಳೆದು ಅಡುಗೆಮನೆ ಕಟ್ಟೆ ಮೇಲೇ ಇಟ್ಟೆ."