‘ಇನ್‌ಕನ್ಸಿಡರೇಟ್’ ಮತ್ತು ‘ರೂಡ್’ ಒಂದೇ ಅಲ್ಲ
ಮೇಲಧಿಕಾರಿ ಇಮೇಲಿನಲ್ಲಿ ‘ಇನ್‌ಕನ್ಸಿಡರೇಟ್’ ಎಂದು ಬರೆದಿದ್ದಾರೆ, ನಾನು ಒರಟಾಗಿ ಮಾತನಾಡಿಯೇ ಇಲ್ಲವಲ್ಲ ಎಂದು ಕೇಳಿದ್ದೀರಿ. ಆ ಪದಕ್ಕೆ ಒರಟುತನ ಬೇಕಾಗಿಯೇ ಇಲ್ಲ. ‘ರೂಡ್’, ಅಂದರೆ ಒರಟು ಎನ್ನುವುದು ಮಾತಿನಲ್ಲಿ, ಧಾಟಿಯಲ್ಲಿ ಕಾಣುತ್ತದೆ. ‘ಇನ್‌ಕನ್ಸಿಡರೇಟ್’ ಹಾಗಲ್ಲ, ಇನ್ನೊಬ್ಬರಿಗೆ ಆಗುವ ತೊಂದರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಾಕು.

ನೀವು ಕೋಲಾರದವರು. ಎಪಿಎಂಸಿಯಲ್ಲಿ ಟೊಮೆಟೊ ಹರಾಜಿನ ಹೊತ್ತಿಗೆ ಒಬ್ಬರು ಬೈಕನ್ನು ದಾರಿಗೆ ಅಡ್ಡ ನಿಲ್ಲಿಸಿ, ಎದುರಾದವರಿಗೆಲ್ಲ ನಗುನಗುತ್ತಾ ನಮಸ್ಕಾರ ಹೇಳಿ ಟೀ ಕುಡಿಯಲು ಹೋದರು ಎನ್ನಿ. ತುಂಬಿದ ಕ್ರೇಟು ಹೊತ್ತ ಹಮಾಲಿ ಆ ಬೈಕನ್ನು ಸುತ್ತಿ ಹೋಗಬೇಕು. ಬೈಕಿನವರ ಮಾತು ಬೆಣ್ಣೆಯಂತಿದ್ದರೂ ನಡತೆ ಇನ್‌ಕನ್ಸಿಡರೇಟ್. ಒರಟರನ್ನು ನಾವು ತಕ್ಷಣ ಗುರುತಿಸುತ್ತೇವೆ, ಇಂಥವರನ್ನು ಒಳ್ಳೆಯವರೆಂದು ಬಿಟ್ಟುಬಿಡುತ್ತೇವೆ. ನನಗೆ ಬೇಸರವಾಗುವುದು ಅಲ್ಲಿಯೇ.

ಹಿಂದಿನ ಇಂಗ್ಲಿಷ್ ಬರಹಗಳಲ್ಲಿ ಈ ಪದಕ್ಕೆ ‘ಯೋಚಿಸದೆ ದುಡುಕಿದ’ ಎಂಬ ಅರ್ಥವೂ ಉಂಟು. ಈಗ ಅದು ಅಪರೂಪ.

ಬಳಕೆಯನ್ನು ಗಮನಿಸಿ. ‘ಇಟ್ ವಾಸ್ ಇನ್‌ಕನ್ಸಿಡರೇಟ್ ಆಫ್ ಯೂ’ ಎಂದಿದ್ದರೆ ಆಕ್ಷೇಪವಿರುವುದು ಆ ಒಂದು ಕೆಲಸದ ಬಗ್ಗೆ. ‘ಯೂ ಆರ್ ಇನ್‌ಕನ್ಸಿಡರೇಟ್’ ಎಂದಿದ್ದರೆ ಅದು ನಿಮ್ಮ ಸ್ವಭಾವದ ಮೇಲಿನ ತೀರ್ಪು, ಹೆಚ್ಚು ಕಟು. ಮೊದಲನೆಯದಾದರೆ, ಯಾರಿಗೆ ಏನು ತೊಂದರೆಯಾಯಿತೆಂದು ಮೇಲಧಿಕಾರಿಯನ್ನೇ ನೇರವಾಗಿ ಕೇಳಿ.