ಕೊಳವೆಗೆ ಅಂಟಿದ್ದು ಮಸಿಯಲ್ಲ, ಉಪ್ಪು

ಪ್ರಶ್ನೆ: ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಜೊತೆ ಕಬ್ಬಿನ ರವದಿ (ಒಣಗಿದ ಎಲೆ) ಉರಿಸಲು ಶುರು ಮಾಡಿದ ಮೇಲೆ, ಬಾಯ್ಲರಿನಲ್ಲಿ ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೊಳವೆಗಳಿಗೆ ಬಿಳಿ ಪದರ ಕಟ್ಟುತ್ತಿದೆ. ಉರಿ ಹೆಚ್ಚಿಸಿದರೆ ಸುಟ್ಟುಹೋಗುತ್ತದೆಯೇ?

ದಯವಿಟ್ಟು ಹೆಚ್ಚಿಸಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಆ ಪದರದಲ್ಲಿ ಸುಡುವಂಥದ್ದು ಏನೂ ಉಳಿದಿಲ್ಲ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ರೈತರು ಹೊಲಕ್ಕೆ ಹಾಕುವ ಎಂಒಪಿ ಗೊಬ್ಬರದ ಉಪ್ಪೇ. ಗಾಣದಲ್ಲಿ ಅರೆಯುವಾಗ ಕಬ್ಬಿನ ಪೊಟ್ಯಾಷ್ ಹೆಚ್ಚಿನದು ರಸದ ಜೊತೆ ಹೋಗಿಬಿಡುತ್ತದೆ, ಹಾಗಾಗಿ ಬಗಾಸ್ ಕಾಟ ಕೊಡುವುದಿಲ್ಲ. ರವದಿ ಗಾಣವನ್ನೇ ಕಂಡಿಲ್ಲ.

ಈ ಉಪ್ಪು 770 ಡಿಗ್ರಿಗೆ ಕರಗುತ್ತದೆ, ಕುಲುಮೆಯ ಬಿಸಿಗೆ ಆವಿಯಾಗಿ ಹೊಗೆಯ ಜೊತೆ ಸಾಗುತ್ತದೆ. ಅನ್ನದ ಹಬೆ ಮುಚ್ಚಳಕ್ಕೆ ಹನಿ ಕಟ್ಟುವ ಹಾಗೆ, ಹೊಗೆಗಿಂತ ತಣ್ಣಗಿರುವ ಕೊಳವೆ ಸಿಕ್ಕಲ್ಲಿ ಗಟ್ಟಿಯಾಗಿ ಕೂರುತ್ತದೆ. ಉರಿ ಜೋರಾದಷ್ಟೂ ಆವಿ ಜಾಸ್ತಿ.

ಪದರ ದಪ್ಪವಾಗುವುದಕ್ಕಿಂತ ನನಗೆ ಭಯ ಅದರಲ್ಲಿರುವ ಕ್ಲೋರಿನ್‌ನದು. ಹೊಗೆಯ ಗಂಧಕ ತಾಗಿ ಪದರ ಸಲ್ಫೇಟ್ ಆಗುವಾಗ ಕ್ಲೋರಿನ್ ಕಬ್ಬಿಣದ ಪಕ್ಕದಲ್ಲೇ ಬಿಡುಗಡೆಯಾಗಿ ಲೋಹವನ್ನು ತಿನ್ನುತ್ತದೆ. ಬಾಯ್ಲರ್ ನಿಲ್ಲಿಸಿದಾಗ ಪದರವನ್ನು ಕೆರೆದು ನೋಡಿ: ಮೇಲೆ ಬಿಳಿ ಪುಡಿ, ಅಡಿಯಲ್ಲಿ ಕಂದು ತುಕ್ಕು ಚಿಪ್ಪುಚಿಪ್ಪಾಗಿ ಎದ್ದರೆ ಕೂಡಲೇ ಕೊಳವೆಯ ದಪ್ಪ ಅಳೆಸಿ. ಒಂದು ಕಡೆ ಹೀಗೆ ಚಿಪ್ಪು ಕಂಡೂ ಹಂಗಾಮು ಮುಗಿಯಲಿ ಎಂದು ಕಾದರು. ಕೊಳವೆ ಒಡೆಯಿತು.

ಡೆನ್ಮಾರ್ಕಿನಲ್ಲಿ ಗೋಧಿ ಹುಲ್ಲು ಉರಿಸುವವರು ಮಳೆಯಲ್ಲಿ ತೊಳೆದು ಬೂದುಬಣ್ಣಕ್ಕೆ ತಿರುಗಿದ ಹುಲ್ಲನ್ನೇ ಇಷ್ಟಪಡುತ್ತಾರೆ. ಮಳೆ ಪೊಟ್ಯಾಷನ್ನೂ ಕ್ಲೋರಿನ್ನನ್ನೂ ಕೊಚ್ಚಿ ಒಯ್ದಿರುತ್ತದೆ. ನಮ್ಮಲ್ಲಿ ಕಟಾವು ಹೆಚ್ಚಾಗಿ ಒಣ ತಿಂಗಳಲ್ಲಿ, ಆ ಅನುಕೂಲ ಇಲ್ಲ. ಆದ್ದರಿಂದ ರವದಿಯ ಪಾಲು ಇಳಿಸಿ, ಪ್ರತಿ ಲೋಡಿನ ಕ್ಲೋರಿನ್ ಪರೀಕ್ಷಿಸಿ. ಕೆಯೋಲಿನ್ ಜೇಡಿ ಹಾಕಿದರೆ ಅದು ಪೊಟ್ಯಾಸಿಯಂ ಹಿಡಿದುಕೊಂಡು ಸುಲಭಕ್ಕೆ ಕರಗದ ಸಿಲಿಕೇಟ್ ಆಗುತ್ತದೆ. ಎಷ್ಟು ಹಾಕಬೇಕೆಂಬುದು ನಿಮ್ಮ ಬೂದಿಯ ಪರೀಕ್ಷೆ ನೋಡಿಯೇ ನಿರ್ಧಾರವಾಗಬೇಕು. ಒಳಗೇನಿದೆ ಎಂದು ಹೇಳದೆ ‘ರಹಸ್ಯ ಪುಡಿ’ ಮಾರಲು ಬರುವವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಪ್ರಶ್ನೆ: ಬೆಂಕಿಗೆ ಕಲ್ಲುಪ್ಪು ಎರಚಿದರೆ ಕೊಳವೆ ಸ್ವಚ್ಛವಾಗುತ್ತದಂತೆ?

ಇಲ್ಲ. ಇರುವ ಕ್ಲೋರಿನ್ ಸಾಲದೆಂದು ಇನ್ನಷ್ಟು ತುಂಬಿದಂತೆ. ಹೇಳಿದವರ ಮಾತು ಕೇಳಬೇಡಿ.

ಪ್ರಶ್ನೆ: ಈ ಬೂದಿ ಹೊಲಕ್ಕೆ ಹಾಕಬಹುದೇ?

ಮಣ್ಣು ಪರೀಕ್ಷೆ ಮಾಡಿಸಿ ಹಾಕಿ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.